ಯಾವ ಗುಡ್ಡ

ನೋವಿಗೆ ಅಂಕ ಕೊಡಿ ಎಂದೆ, ಸೊನ್ನೆಯಿಂದ ಹತ್ತರೊಳಗೆ.
ಎಲೆಯುತೇರಿಯೊ ಬಾರ್ರಿಯಾ ಗೋಡೆ ನೋಡಿದ.
ಮಡಿಲಲ್ಲಿ ಟೋಪಿ. ಮಂಚದ ಮೇಲೆ ಮೊಣಕಾಲು,
ಒಲೆಯಿಂದ ಈಗಷ್ಟೇ ತೆಗೆದ ಬ್ರೆಡ್ಡಿನಂತೆ ಊದಿ, ಬೆಚ್ಚಗೆ.
"ಅಂಕಗಿಂಕ ಗೊತ್ತಿಲ್ಲ ಡಾಕ್ಟ್ರೇ. ಇವತ್ತು ಮಾರಿಪೋಸಾಸ್ ಗುಡ್ಡ.
ಅದೂ ಮಳೆಯಲ್ಲಿ. ತುಂಬಿದ ಸಿಲಿಂಡರ್ ಹೊತ್ತು."

ನಾನು ಡಾಕ್ಟರಲ್ಲ ಎಂದು ಹೇಳಿ ಹೇಳಿ
ಈ ವಾಲ್ಪರೈಸೊದಲ್ಲಿ ನನಗೆ ಸಾಕಾಗಿದೆ.
ಕಾಗದದ ಮೇಲೆ ಎಂಟು ಎಂದು ಬರೆದುಕೊಂಡೆ.

ಮೂವತ್ತೆಂಟು ವರ್ಷ ಈ ಊರಿನ ಮೆಟ್ಟಿಲುಗಳಿಗೆ ಗ್ಯಾಸ್ ಹೊತ್ತವನು.
ಹೆಗಲ ಮೇಲೆ ಹದಿನೈದು ಕಿಲೋ ಬೆಂಕಿ, ಕಬ್ಬಿಣದ ತೂಕ ಬೇರೆ,
ಬಂದರಿನಿಂದ ಮೇಲಿನ ತಗಡು ಮನೆಗಳವರೆಗೆ.
ಲಾರಿಯ ಹಿಂದೆ ನಿಂತು ಸ್ಪ್ಯಾನರಿನಿಂದ ಸಿಲಿಂಡರ್ ಬಡಿದರೆ
ಟಣ್ ಟಣ ಟಣ್,
ಕಿಟಕಿಗಳು ತೆರೆಯುತ್ತಿದ್ದವು, ಒದ್ದೆ ಕೈಗಳು ಬೆರಳೆತ್ತಿ
ಒಂದು, ಎರಡು ಎಂದು ತೋರಿಸುತ್ತಿದ್ದವು.

ಜೂನ್ ತಿಂಗಳ ಬೆಳಗು, ಪಾಚಿ ಕಟ್ಟಿದ ಮೆಟ್ಟಿಲು.
ಆತ ಸಿಲಿಂಡರನ್ನು ಕೈಬಿಡಲಿಲ್ಲ.
ಮೊಣಕಾಲು ಆತನನ್ನು ಕೈಬಿಟ್ಟಿತು.

ಚಿಪ್ಪು ಎರಡು ಹೋಳು. ತಂತಿ ಬಿಗಿದು, ಹೊಲಿದು,
ಆರು ವಾರ ಅಲುಗಾಡದಂತೆ ಇಟ್ಟು
ನನ್ನಲ್ಲಿಗೆ ಕಳಿಸಿದರು, ಚೀಟಿಯಲ್ಲಿ ಒಂದೇ ಸಾಲು: ಮಡಚಲು ಕಲಿಸಿ.

ಕಲಿಸುವುದೇನು, ತೊಟ್ಟಿಲಲ್ಲಿ ಯಾರೂ ಕಲಿಸದೆ ಬಂದದ್ದನ್ನು
ಅರವತ್ತೊಂದರಲ್ಲಿ ಡಿಗ್ರಿ ಡಿಗ್ರಿಯಾಗಿ ಬೇಡಬೇಕು.
ಮೊದಲ ದಿನ ನಲವತ್ತೊಂದು.
ಟವೆಲ್ಲಿನ ಮೇಲೆ ಹಿಮ್ಮಡಿ ಜಾರಿಸಿ. ನಿಧಾನ. ಉಸಿರು ಕಟ್ಟಬೇಡಿ.
ನನ್ನ ಹೆಬ್ಬೆರಳು ಚಿಪ್ಪಿನ ಅಂಚನ್ನು ಒತ್ತುತ್ತದೆ,
ಬಂಡೆ ಕಚ್ಚಿಕೊಂಡ ಕಡಲ ಚಿಪ್ಪನ್ನು
ಒಡೆಯದೆ ಕದಲಿಸಬೇಕು, ಅಷ್ಟೇ, ಕೂದಲೆಳೆಯಷ್ಟು.
ಆತ ಶಾಪ ಹಾಕುತ್ತಾನೆ. ನನಗಲ್ಲ, ಗುಡ್ಡಗಳಿಗೆ,
ಒಂದೊಂದರ ಹೆಸರು ಹಿಡಿದು.
ಪಕ್ಕದ ಮಂಚದಲ್ಲಿ ಭುಜ ಹೆಪ್ಪುಗಟ್ಟಿದ ಓರ್ತೆನ್ಸಿಯಾ ನಗುತ್ತಾಳೆ.
ನಕ್ಕರೆ ಭುಜ ಚುಚ್ಚುತ್ತದೆ, ಆಗ ಅವಳೂ ದನಿಗೂಡಿಸುತ್ತಾಳೆ.

ಐವತ್ತೈದು. ಅರವತ್ತು. ಮತ್ತೆ ಅರವತ್ತು.
ಒಂದು ವಾರ ಐವತ್ತೆಂಟು;
ತಂಗಿ ಮಗಳ ಮದುವೆಯಲ್ಲಿ ಕುಣಿದೆ ಎಂದು ಒಪ್ಪಿಕೊಂಡ.

ಎಂಬತ್ತಾದ ದಿನ ಕೋಣೆಯ ಮೂಲೆಗೆ ಕರೆದೊಯ್ದೆ.
ಅಲ್ಲಿ ಮೂರು ಮರದ ಮೆಟ್ಟಿಲು,
ಎಲ್ಲಿಗೂ ಹೋಗದವು, ಕೊನೆಗೆ ಗೋಡೆ.
"ಹತ್ತುವಾಗ ಒಳ್ಳೆಯ ಕಾಲು ಮೊದಲು.
ಇಳಿಯುವಾಗ ನೋಯುವ ಕಾಲು ಮೊದಲು."
ಆತ ಕಂಬಿ ಹಿಡಿದು ನಿಂತೇಬಿಟ್ಟ.
"ಇಳಿಯುವಾಗ ನೋವನ್ನೇ ಮುಂದೆ ಬಿಡಬೇಕೋ?"
"ಮುಂದೆ ಹೋಗುವುದು ಮಾತ್ರ ಅದು. ಮೈಭಾರ ಹಿಂದಿನ ಕಾಲಿನದು."
"ನಮ್ಮ ಏಜೆನ್ಸಿಯ ಧಣಿಯ ಹಾಗೆ" ಎಂದ.

ತೊಂಬತ್ತಾರಕ್ಕೆ ಬರುವುದು ನಿಲ್ಲಿಸಿದ.
ಇನ್ನೂ ಆರು ಸಲ ಬಾಕಿ. ಫೋನ್ ಎತ್ತಲಿಲ್ಲ.

ನವೆಂಬರಿನ ಒಂದು ಶನಿವಾರ, ಅರ್ಧ ಕುದಿದ ನೀರು ಹಾಗೇ ತಣ್ಣಗಾಗಿ
ಕಿಟಕಿಯಲ್ಲಿ ಕಿವಿಗೊಟ್ಟು ನಿಂತಿದ್ದೆ. ಟಣ್ ಟಣ ಟಣ್.
ಕೆಳಗೆ ಲಾರಿಯ ಬದಿಯಲ್ಲಿ ಆತನೇ,
ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಸ್ಪ್ಯಾನರ್.
ಮೆಟ್ಟಿಲ ಬುಡದಲ್ಲಿ ಸಿಲಿಂಡರಿಗೆ ಕೈ ಹಾಕಿದ ಹತ್ತೊಂಬತ್ತರ ಹುಡುಗ.
"ಬೆನ್ನಲ್ಲ ಕತ್ತೆ, ಮೊಣಕಾಲು ಬಗ್ಗಿಸು! ನಿಧಾನ! ಉಸಿರು ಕಟ್ಟಬೇಡ!"
ನನ್ನ ಮಾತು, ನನ್ನದೇ ರಾಗ.
ಕತ್ತೆ ಮಾತ್ರ ಆತನ ಸೇರ್ಪಡೆ.

ದುಡ್ಡು ಕೊಡಲು ಇಳಿದು ಹೋದೆ, ಎಪ್ಪತ್ತೆರಡು ಮೆಟ್ಟಿಲು.
ಆತ ನನ್ನ ಮುಖ ನೋಡಲಿಲ್ಲ,
ಯಾವ ಕಾಲು ಮೊದಲು ಇಳಿಯುತ್ತಿದೆ ಎಂದು ನೋಡುತ್ತಿದ್ದ.
ತಿಂಗಳಿಂದ ನನ್ನ ಬಲ ಮೊಣಕಾಲು ಕಟಕಟ ಅನ್ನುತ್ತಿದೆ,
ಯಾರಿಗೂ ಹೇಳಿಲ್ಲ.

ನೋಟು ಎಣಿಸುತ್ತಲೇ ಕೇಳಿದ, "ಯಾವ ಗುಡ್ಡ?"
"ಸಣ್ಣದು" ಎಂದೆ.
ನಂಬಲಿಲ್ಲ. ಚಿಲ್ಲರೆ ಕೊಟ್ಟ. ಗುರುವಾರ ಬರುತ್ತೇನೆ ಎಂದ.

ಬರಲಿಲ್ಲ. ತೊಂಬತ್ತಾರರ ಪಕ್ಕದ ಖಾನೆ
ಇನ್ನೂ ಖಾಲಿ ಇದೆ.